ತೀರಿಕೊಂಡವರ ಹೊಣೆ ಯಾರ ತಲೆಗೆ?



ಒಂದು ಉದಾಹರಣೆ ಇಟ್ಟುಕೊಂಡು ಮಾತು ಶುರು ಮಾಡುತ್ತೇನೆ. ಇದು ಯಾರ ಮನೆಯ ಸಂಗತಿಯೂ ಅಲ್ಲ, ತಿಳಿಯಲಿಕ್ಕೆ ಅನುಕೂಲವಾಗಲೆಂದು ನಾನೇ ಕಟ್ಟಿಕೊಂಡದ್ದು. ನಿಪ್ಪಾಣಿಯಿಂದ ಮುರಗೂಡಕ್ಕೆ ಬರುವ ರಸ್ತೆ. ಕಬ್ಬಿನ ಹಂಗಾಮು, ಕತ್ತಲಾಗುವ ಹೊತ್ತು. ರಸ್ತೆಯ ಬದಿಗೆ ಸೈಕಲ್ ತಳ್ಳಿಕೊಂಡು ಹೊರಟಿದ್ದ ಒಬ್ಬ ಕೂಲಿಕಾರನಿಗೆ ಹಿಂದಿನಿಂದ ಮೋಟಾರ್ ಸೈಕಲ್ ಗುದ್ದುತ್ತದೆ. ಕೂಲಿಕಾರನ ತೊಡೆಯ ಎಲುಬು ಮುರಿಯುತ್ತದೆ, ಜೀವ ಉಳಿಯುತ್ತದೆ. ಗಾಡಿ ಹೊಡೆಯುತ್ತಿದ್ದ ರೈತನಿಗೆ ತಲೆಗೆ ಪೆಟ್ಟಾಗಿ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಮೂರನೆಯ ದಿನ ಪ್ರಾಣ ಹೋಗುತ್ತದೆ. ತಪ್ಪು ಅವನದೇ ಎಂದು ಪಂಚನಾಮೆಯೂ ಹೇಳುತ್ತದೆ, ನೋಡಿದವರೂ ಹೇಳುತ್ತಾರೆ. ಗಾಡಿಯೂ ಅವನದೇ.

ಈಗ ಎರಡು ಮನೆಗಳಿವೆ. ಒಂದರಲ್ಲಿ ದುಡಿಯುವವನು ಹಾಸಿಗೆ ಹಿಡಿದಿದ್ದಾನೆ. ಇನ್ನೊಂದರಲ್ಲಿ ಸೂತಕ. ಕೂಲಿಕಾರನ ಮನೆಯವರು ಠಾಣೆಗೆ ಹೋದರೆ, ಆರೋಪಿ ಮೃತನಾದನು, ಕಾಗದ ಮುಗಿಯಿತು ಎಂದು ಉತ್ತರ ಸಿಗುತ್ತದೆ. ಊರಲ್ಲಿ ಹಿರಿಯರೂ ಅದನ್ನೇ ಅನ್ನುತ್ತಾರೆ. ಮರಾಠಿಯಲ್ಲಾದರೆ, ಮಾಣೂಸಚ ಗೇಲಾ, ಆತಾ ಕುಣಾವರ ಕೇಸ ಕರಾಯಚಿ? ಕನ್ನಡದಲ್ಲಾದರೆ, ಮನುಷ್ಯನೇ ಹೋದ ಮೇಲೆ ಯಾರ ಮೇಲೆ ದಾವೆ? ಅತ್ತ ರೈತನ ಮನೆಯಲ್ಲಿ ಬೇರೆ ಅಂಜಿಕೆ. ಅಪ್ಪನ ತಪ್ಪಿಗೆ ನಮ್ಮ ಹೊಲ ಜಪ್ತಿ ಆಗುತ್ತದೆಯೇ, ಮಗನ ಪಗಾರಕ್ಕೆ ಕೈ ಹಾಕುತ್ತಾರೆಯೇ ಎಂದು.

ಎರಡೂ ಮನೆಯವರ ತಿಳಿವಳಿಕೆ ಅರ್ಧ ಸರಿ, ಅರ್ಧ ತಪ್ಪು. ಈ ಅರ್ಧ ತಪ್ಪಿನಿಂದ ಒಬ್ಬರು ಬರಬೇಕಾದ ಹಣ ಕಳೆದುಕೊಳ್ಳುತ್ತಾರೆ, ಇನ್ನೊಬ್ಬರು ಗಡಬಡಿಸಿ ಆಸ್ತಿ ಮಾರಿ ಹೊಸ ತೊಡಕಿಗೆ ಸಿಕ್ಕಿಬೀಳುತ್ತಾರೆ. ಆದ್ದರಿಂದ ಇಂದು ಈ ವಿಷಯ.

ಮೊದಲು ಠಾಣೆಯ ಮಾತು. ಪೊಲೀಸರು ಹೇಳುವುದು ಅವರ ಮಟ್ಟಿಗೆ ನಿಜ. ಅಜಾಗರೂಕತೆಯಿಂದ ಗಾಡಿ ಹೊಡೆದದ್ದಕ್ಕೆ ಶಿಕ್ಷೆ ಕೊಡಬೇಕಾದ ಖಟ್ಲೆ ಫೌಜದಾರಿ ಖಟ್ಲೆ. ಶಿಕ್ಷೆಗೆ ಗುರಿಯಾಗಬೇಕಾದವನೇ ಇಲ್ಲದ ಮೇಲೆ ಅದು ಅಲ್ಲಿಗೆ ನಿಲ್ಲುತ್ತದೆ. ಆದರೆ ಮುರಿದ ಕಾಲಿನ ಔಷಧದ ಖರ್ಚು, ಆರು ತಿಂಗಳ ಕೂಲಿ, ಮುಂದೆ ಭಾರ ಎತ್ತಲಾಗದೆ ಕಡಿಮೆಯಾಗುವ ದುಡಿಮೆ, ಇವುಗಳ ಪರಿಹಾರ, ಅಂದರೆ ಮರಾಠಿಯಲ್ಲಿ ನುಕಸಾನ ಭರಪಾಈ ಅನ್ನುತ್ತಾರಲ್ಲ, ಅದು ಬೇರೆ ದಾವೆ. ಅದನ್ನು ಕೇಳುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಒಂದು ಬಾಗಿಲು ಮುಚ್ಚಿತೆಂದು ಇನ್ನೊಂದು ಮುಚ್ಚುವುದಿಲ್ಲ.

ಹಾಗಾದರೆ ಊರವರ ಮಾತಿಗೆ ಬುಡವೇ ಇಲ್ಲವೇ? ಇದೆ. ಹಳೆಯ ಇಂಗ್ಲಿಷ್ ನ್ಯಾಯದಲ್ಲಿ ಒಂದು ಸೂತ್ರವಿತ್ತು: ಮೈಗೆ ಸಂಬಂಧಿಸಿದ ದಾವೆ ಆ ಮನುಷ್ಯನ ಜೊತೆಗೇ ಸಾಯುತ್ತದೆ. ಬೈದದ್ದು, ಹೊಡೆದದ್ದು, ಗಾಯ ಮಾಡಿದ್ದು ಇಬ್ಬರು ಜೀವಂತ ಮನುಷ್ಯರ ನಡುವಿನ ವ್ಯವಹಾರ, ಒಬ್ಬ ಹೋದರೆ ಲೆಕ್ಕ ಚುಕ್ತಾ ಎಂಬ ಭಾವನೆ. ನಮ್ಮ ದೇಶದಲ್ಲಿ ೧೮೫೫ರಷ್ಟು ಹಿಂದೆಯೇ ಈ ಕಟ್ಟನ್ನು ಸ್ವಲ್ಪ ಸಡಿಲಿಸಿ ಒಂದು ಸಣ್ಣ ಕಾಯದೆ ಬಂತು. ಸತ್ತವನು ಸಾಯುವ ಮೊದಲಿನ ಒಂದು ವರ್ಷದೊಳಗೆ ಮಾಡಿದ ಕೆಲವು ತಪ್ಪುಗಳಿಗೆ ಅವನ ಪ್ರತಿನಿಧಿಗಳ ಮೇಲೆ ದಾವೆ ಹೂಡಲು ಅದು ದಾರಿ ಮಾಡಿತು. ಮುಂದೆ ೧೯೨೫ರ ಭಾರತೀಯ ಉತ್ತರಾಧಿಕಾರ ಕಾಯದೆಯ ೩೦೬ನೆಯ ಕಲಮು ಒಟ್ಟು ನಿಯಮವನ್ನು ಬರೆಯಿತು. ಸತ್ತವನ ಪರವಾಗಿ ಅಥವಾ ವಿರುದ್ಧವಾಗಿ ಇದ್ದ ಹಕ್ಕು, ದಾವೆಗಳೆಲ್ಲ ಉಳಿಯುತ್ತವೆ. ಆದರೆ ಮಾನಹಾನಿ, ಹಲ್ಲೆ, ಮತ್ತು ಪೆಟ್ಟು ತಿಂದವನ ಸಾವಿಗೆ ಕಾರಣವಾಗದ ಇತರ ದೈಹಿಕ ಗಾಯಗಳ ದಾವೆ ಉಳಿಯುವುದಿಲ್ಲ. ಈ ಕೊನೆಯ ಮಾತು ನಮ್ಮ ಕೂಲಿಕಾರನ ಕಾಲಿಗೇ ಬಂದು ತಾಗುತ್ತದೆ. ಅವನಿಗೆ ಗಾಯವಾಗಿದೆ, ಅವನು ಸತ್ತಿಲ್ಲ. ಬರೇ ಈ ಕಲಮನ್ನು ಓದಿದರೆ ಅವನು ಕೈ ಚೆಲ್ಲಿ ಕೂಡ್ರಬೇಕು.

ಮೋಟಾರು ಗಾಡಿಗಳು ಹೆಚ್ಚಾದಾಗ ಈ ನಿಯಮ ಎಷ್ಟು ಕ್ರೂರ ಎಂಬುದು ಜಗತ್ತಿಗೇ ಗೊತ್ತಾಯಿತು. ಅಪಘಾತ ಮಾಡಿದವನೂ ಅದೇ ಅಪಘಾತದಲ್ಲಿ ಸಾಯುವುದು ಮೋಟಾರು ಬಂದ ಮೇಲೆ ಸಾಮಾನ್ಯವಾಯಿತು. ಎತ್ತಿನ ಗಾಡಿಯ ಕಾಲದಲ್ಲಿ ಅದು ಅಪರೂಪ. ಇಂಗ್ಲಂಡಿನಲ್ಲಿ ೧೯೩೪ರಲ್ಲಿ ಕಾಯದೆ ಮಾಡಿ ಹಳೆಯ ಸೂತ್ರವನ್ನು ಬಹುಮಟ್ಟಿಗೆ ತೆಗೆದುಹಾಕಿದರು. ನಮ್ಮಲ್ಲಿ ೧೯೩೯ರ ಮೋಟಾರು ವಾಹನ ಕಾಯದೆಯಲ್ಲಿ ೧೦೨ನೆಯ ಕಲಮಾಗಿ ಪರಿಹಾರ ಬಂತು. ಅದೇ ಈಗ ೧೯೮೮ರ ಮೋಟಾರು ವಾಹನ ಕಾಯದೆಯ ೧೫೫ನೆಯ ಕಲಮು. ಅದರ ಸಾರ ಇಷ್ಟು: ಉತ್ತರಾಧಿಕಾರ ಕಾಯದೆಯ ೩೦೬ನೆಯ ಕಲಮು ಏನೇ ಹೇಳಲಿ, ಯಾರ ಹೆಸರಿನಲ್ಲಿ ವಿಮೆಯ ಪ್ರಮಾಣಪತ್ರ ಇದೆಯೋ ಅವನು ಅಪಘಾತವಾದ ಮೇಲೆ ಸತ್ತರೆ, ಆ ಕಾರಣಕ್ಕೆ ಅವನ ಆಸ್ತಿಯ ಮೇಲಿನ ಅಥವಾ ವಿಮಾ ಕಂಪನಿಯ ಮೇಲಿನ ದಾವೆ ಸಾಯುವುದಿಲ್ಲ.

ನಮ್ಮ ಉದಾಹರಣೆಯ ರೈತನ ಗಾಡಿಗೆ ವಿಮೆ ಇದ್ದರೆ ಕೂಲಿಕಾರನ ದಾವೆ ಗಟ್ಟಿಯಾಗಿ ನಿಂತಿತು. ಅವನು ರೈತನ ವಾರಸುದಾರರನ್ನೂ ವಿಮಾ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡಿ ಅರ್ಜಿ ಹಾಕಬೇಕು. ಸತ್ತವನ ಹೆಸರಿನ ಮೇಲೆ ಅರ್ಜಿ ಹಾಕಿದರೆ ಅದು ನಡೆಯುವುದಿಲ್ಲ, ಅದನ್ನು ನೆನಪಿಡಿ. ಗಾಡಿ ಬೇರೆಯವರದಿದ್ದು, ಸತ್ತವನು ಬರೇ ಪಗಾರದ ಡ್ರೈವರ್ ಆಗಿದ್ದರೆ ತೊಡಕು ಇನ್ನೂ ಕಡಿಮೆ. ಮಾಲಕ ಜೀವಂತ ಇದ್ದಾನೆ, ತನ್ನ ಕೆಲಸದಲ್ಲಿದ್ದ ಡ್ರೈವರನ ತಪ್ಪಿಗೆ ಅವನೂ ಹೊಣೆ.

ಗಾಡಿಗೆ ವಿಮೆಯೇ ಇಲ್ಲದಿದ್ದರೆ? ಇಲ್ಲಿ ಕಾಯದೆ ವಿಚಿತ್ರವಾಗಿ ನಡೆದುಕೊಳ್ಳುತ್ತದೆ. ೧೫೫ನೆಯ ಕಲಮು ಮಾತಾಡುವುದು ವಿಮೆ ಇದ್ದವನ ಬಗ್ಗೆ. ವಿಮೆ ಇಲ್ಲದೆ ಸತ್ತವನ ಆಸ್ತಿಯ ಮೇಲೆ ಬರೇ ಗಾಯದ ದಾವೆ ತಂದರೆ, ೩೦೬ನೆಯ ಕಲಮನ್ನು ಎತ್ತಿ ಹಿಡಿದು ವಾದ ಮಾಡಲು ಎದುರಿನ ವಕೀಲರಿಗೆ ಜಾಗ ಉಳಿಯುತ್ತದೆ. ವಿಮೆ ತುಂಬಿ ನೇಮದಿಂದ ನಡೆದವನ ಆಸ್ತಿಗೆ ಹೊಣೆ ಖಚಿತ, ತುಂಬದೆ ಓಡಾಡಿದವನ ಆಸ್ತಿಗೆ ವಾದದ ಆಸರೆ! ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಆದರೆ ಪೆಟ್ಟು ತಿಂದವನು ಆ ಪೆಟ್ಟಿನಿಂದಲೇ ಸತ್ತಿದ್ದರೆ ಮಾತು ಬೇರೆ. ೩೦೬ರ ಅಪವಾದ ಸಾವಿಗೆ ಕಾರಣವಾಗದ ಗಾಯಕ್ಕೆ ಮಾತ್ರ. ಸಾವಿನ ಪ್ರಕರಣದಲ್ಲಿ ವಿಮೆ ಇರಲಿ ಬಿಡಲಿ, ತಪ್ಪು ಮಾಡಿ ಸತ್ತವನ ಆಸ್ತಿಯ ಮೇಲೆ ದಾವೆ ಉಳಿಯುತ್ತದೆ. ಹಾಗೆಯೇ, ನ್ಯಾಯಮಂಡಳಿಯ ತೀರ್ಪು ಆದ ಮೇಲೆ ಮಾಲಕ ಸತ್ತರೆ ಅದು ಆಗಲೇ ಅವನ ಸಾಲವಾಗಿ ನಿಂತಿದೆ, ಮತ್ತೆ ವಾದಕ್ಕೆ ಎಡೆಯಿಲ್ಲ.

ಇನ್ನು ಎರಡನೆಯ ಮನೆಗೆ ಬರೋಣ, ಸೂತಕದ ಮನೆಗೆ. ಅಪ್ಪನ ಋಣ ಮಗನ ತಲೆಗೆ ಎಂಬುದು ನಮ್ಮ ಜನರ ರಕ್ತದಲ್ಲಿ ಇಳಿದ ಮಾತು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕನ್ನಡ ನೆಲದಲ್ಲೇ ಕೂತು ವಿಜ್ಞಾನೇಶ್ವರ ಮಿತಾಕ್ಷರವನ್ನು ಬರೆದ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಹಿಂದೂ ಮನೆಗಳ ಪಾಲು ಹಂಚಿಕೆ ಶತಮಾನಗಟ್ಟಲೆ ನಡೆದದ್ದು ಆ ಗ್ರಂಥದ ಮೇಲೆ. ತಂದೆಯ ಸಾಲ ತೀರಿಸುವುದು ಮಗನ ಧರ್ಮ ಎಂದು ಆ ಶಾಸ್ತ್ರ ಹೇಳಿತಾದರೂ, ಕುಡಿತ, ಜೂಜು, ದಂಡದ ಬಾಕಿ ಇಂಥವುಗಳನ್ನು ಆಗಲೇ ಹೊರಗಿಟ್ಟಿತ್ತು. ಈಗಂತೂ ಹಿಂದೂ ಉತ್ತರಾಧಿಕಾರ ಕಾಯದೆಗೆ ೨೦೦೫ರಲ್ಲಿ ತಂದ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ ೯ರಿಂದ ಈ ಧರ್ಮಋಣದ ತತ್ವವನ್ನೇ ಕೋರ್ಟಿನಿಂದ ಹೊರಗೆ ಹಾಕಿದೆ. ಬರೇ ಮಗ, ಮೊಮ್ಮಗ ಎಂಬ ಕಾರಣಕ್ಕೆ, ಆಮೇಲಿನ ಸಾಲವನ್ನು ಅವನಿಂದ ವಸೂಲು ಮಾಡುವಂತಿಲ್ಲ.

ಹಾಗಾದರೆ ವಾರಸುದಾರ ಹೊಣೆಯಾಗುವುದು ಎಷ್ಟಕ್ಕೆ? ದಿವಾಣಿ ಪ್ರಕ್ರಿಯಾ ಸಂಹಿತೆಯ ೫೦ ಮತ್ತು ೫೨ನೆಯ ಕಲಮುಗಳು ಉತ್ತರ ಕೊಡುತ್ತವೆ. ಸತ್ತವನ ಆಸ್ತಿಯಲ್ಲಿ ಅವನ ಕೈಗೆ ಎಷ್ಟು ಬಂದಿದೆಯೋ ಅಷ್ಟಕ್ಕೆ. ಪರಿಹಾರದ ಆದೇಶ ಹತ್ತು ಲಕ್ಷ, ತಂದೆಯ ಪಾಲಿನಿಂದ ಮಗನಿಗೆ ಬಂದದ್ದು ನಾಲ್ಕು ಲಕ್ಷದ್ದು ಎಂದಿಟ್ಟುಕೊಳ್ಳಿ. ಮಗನ ಹೊಣೆ ನಾಲ್ಕಕ್ಕೆ ನಿಲ್ಲುತ್ತದೆ. ಅವನು ಇಚಲಕರಂಜಿಯ ಮಗ್ಗದಲ್ಲಿ ದುಡಿದ ಪಗಾರ, ಅವನ ಹೆಂಡತಿಯ ಬಂಗಾರ, ಅವನೇ ಕೊಂಡ ಎಮ್ಮೆ, ಇವು ಅಪ್ಪನ ಆಸ್ತಿಯಲ್ಲ. ಅಜ್ಜನಿಂದ ಬಂದ ಒಟ್ಟು ಹೊಲದಲ್ಲಿ ಹುಟ್ಟಿನಿಂದಲೇ ಮಗನಿಗೂ ಮಗಳಿಗೂ ಬಂದ ಪಾಲು ಅಪ್ಪನದಲ್ಲ, ಅಪ್ಪನ ಪಾಲು ಮಾತ್ರ ಅಪ್ಪನದು. ಸಿವಿಲ್ ಕೋರ್ಟಿನ ಜಪ್ತಿಯಲ್ಲಿ ಬೇಸಾಯಗಾರನು ವಾಸಿಸುವ ಮನೆ, ಎತ್ತು, ಬೇಸಾಯದ ಸಾಮಾನು, ಬಿತ್ತನೆಯ ಕಾಳು, ಅಡಿಗೆಯ ಪಾತ್ರೆ, ಹಾಸಿಗೆ ಇವಕ್ಕೆ ೬೦ನೆಯ ಕಲಮಿನ ರಕ್ಷಣೆಯೂ ಇದೆ.

ಆದರೆ ಒಂದು ಎಚ್ಚರ. ಅಪ್ಪನ ಹೊಲ ಮಾರಿ ಆ ದುಡ್ಡು ಖರ್ಚು ಮಾಡಿ, ನನ್ನ ಕೈಯಲ್ಲಿ ಏನೂ ಇಲ್ಲ ಎಂದರೆ ಕೋರ್ಟು ಒಪ್ಪುವುದಿಲ್ಲ. ಬಂದ ಆಸ್ತಿಯನ್ನು ಸರಿಯಾದ ಕಾರಣಕ್ಕೆ ಬಳಸಿದ್ದೇನೆ ಎಂದು ಲೆಕ್ಕ ತೋರಿಸಬೇಕು. ಇಲ್ಲವಾದರೆ ಆ ಮೊತ್ತದ ಮಟ್ಟಿಗೆ ಅವನೇ ಸ್ವತಃ ಸಾಲಗಾರ. ಇನ್ನು ಕೆಲವರು ಅಪಘಾತವಾದ ಕೂಡಲೇ ತಂಗಿಯರಿಂದ ಹಕ್ಕಸೋಡ ಪತ್ರ ಬರೆಸಿಕೊಂಡು, ಹೊಲವನ್ನು ಸೋದರಳಿಯನ ಹೆಸರಿಗೆ ಹಚ್ಚುತ್ತಾರೆ. ಹಣ ಬರಬೇಕಾದವರನ್ನು ತಪ್ಪಿಸಲಿಕ್ಕೆ ಮಾಡಿದ ಇಂಥ ವರ್ಗಾವಣೆಯನ್ನು ರದ್ದು ಮಾಡಿಸಲು ಆಸ್ತಿ ವರ್ಗಾವಣೆ ಕಾಯದೆಯ ೫೩ನೆಯ ಕಲಮು ಇದೆ. ತಲಾಠಿಯ ಕಚೇರಿಯಲ್ಲಿ ಫೇರಫಾರ ಆಯಿತೆಂದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬೇಡಿ.

ನೋಟೀಸು ಯಾರಿಗೆಲ್ಲ ಬರುತ್ತದೆ? ಹೆಂಡತಿ, ಗಂಡುಮಕ್ಕಳು, ಸಂಕೇಶ್ವರಕ್ಕೋ ಗಡಹಿಂಗ್ಲಜಕ್ಕೋ ಕೊಟ್ಟ ಹೆಣ್ಣುಮಕ್ಕಳು, ಮತ್ತು ಸತ್ತವನ ತಾಯಿ. ಹಿಂದೂ ಉತ್ತರಾಧಿಕಾರದಲ್ಲಿ ತಾಯಿ ಮೊದಲನೆಯ ವರ್ಗದ ವಾರಸುದಾರಳು, ತಂದೆ ಅಲ್ಲ. ಎಂಬತ್ತು ವರ್ಷದ ಅಜ್ಜಿಯ ಹೆಸರಿಗೆ ಕೋರ್ಟಿನ ಕಾಗದ ಬಂತೆಂದು ಮನೆಯವರು ಗಾಬರಿಯಾಗುತ್ತಾರೆ. ಅವಳು ಆರೋಪಿಯಲ್ಲ, ಮಗನ ಆಸ್ತಿಯಲ್ಲಿ ಪಾಲುಗಾರ್ತಿ, ಅಷ್ಟೇ. ವಾರಸುದಾರನಲ್ಲದೆಯೂ ಸತ್ತವನ ಟ್ರಾಕ್ಟರನ್ನು ಒಯ್ದು ನಡೆಸುತ್ತಿರುವ ತಮ್ಮನನ್ನೂ ಕಾಯದೆ ಪ್ರತಿನಿಧಿ ಎಂದೇ ಎಣಿಸುತ್ತದೆ. ಆಸ್ತಿಯಲ್ಲಿ ಕೈಯಾಡಿಸಿದವನು ಹೊಣೆಯಿಂದ ದೂರ ನಿಲ್ಲಲಾರ.

ಇಲ್ಲಿ ವಿಮೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಹೆಚ್ಚಿನ ಮನೆಗಳು ಮುಳುಗುವುದು ಇಲ್ಲಿ. ವಿಮೆ ಇದೆಯಲ್ಲ, ಕಂಪನಿ ತುಂಬುತ್ತದೆ ಎಂದು ವಾರಸುದಾರರು ನೋಟೀಸನ್ನು ಮಾಡದಲ್ಲಿ ಇಟ್ಟು ಸುಮ್ಮನಾಗುತ್ತಾರೆ. ಅಮಾವಾಸ್ಯೆಗೆ ಆದಮಾಪುರದ ಬಾಳುಮಾಮನ ದರ್ಶನಕ್ಕೆ, ಮದುವೆ ದಿಬ್ಬಣಕ್ಕೆ, ಟ್ರಾಕ್ಟರಿನ ಟ್ರಾಲಿಯಲ್ಲಿ ಜನರನ್ನು ತುಂಬಿಕೊಂಡು ಹೋಗುವುದು ಗಡಿಯ ಎರಡೂ ಬದಿಗೆ ರೂಢಿ. ಸರಕು ಸಾಗಿಸುವ ಗಾಡಿಯಲ್ಲಿ ಪುಕ್ಕಟೆ ಕೂತ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು ೨೦೦೨ರಲ್ಲಿಯೇ ಹೇಳಿದೆ. ಟ್ರಾಲಿ ಪಲ್ಟಿಯಾಗಿ ಹತ್ತು ಜನರಿಗೆ ಗಾಯವಾಗಿ, ನಡೆಸುತ್ತಿದ್ದ ಮಾಲಕನೂ ಸತ್ತರೆ, ಹತ್ತು ಜನರ ಪರಿಹಾರ ಬಂದು ಬೀಳುವುದು ಅವನು ಬಿಟ್ಟುಹೋದ ಹೊಲದ ಮೇಲೆ. ಪ್ರಮಾಣಪತ್ರ ಅವನ ಹೆಸರಿನಲ್ಲಿ ಇರುವುದರಿಂದ ದಾವೆಯೂ ಉಳಿಯುತ್ತದೆ, ಕಂಪನಿಯೂ ಕೈ ತೊಳೆದುಕೊಳ್ಳುತ್ತದೆ. ಗಾಡಿ ನಡೆಸಿದವನಿಗೆ ಲೈಸೆನ್ಸ್ ಇಲ್ಲದ ಪ್ರಕರಣಗಳಲ್ಲಿ ಇನ್ನೊಂದು ರೀತಿಯ ಆದೇಶ ಬರುವುದುಂಟು. ಕಂಪನಿ ಮೊದಲು ಗಾಯಾಳುವಿಗೆ ಕೊಡಲಿ, ಆಮೇಲೆ ಮಾಲಕನಿಂದ ವಸೂಲು ಮಾಡಿಕೊಳ್ಳಲಿ ಎಂದು. ೨೦೦೪ರಲ್ಲಿ ಸುಪ್ರೀಂ ಕೋರ್ಟು ಈ ದಾರಿಯನ್ನು ವಿವರವಾಗಿ ಹೇಳಿತು. ಮಾಲಕ ಸತ್ತಿದ್ದರೆ ಕಂಪನಿ ಬರುವುದು ಅವನ ಆಸ್ತಿಯ ಹತ್ತಿರ. ನ್ಯಾಯಮಂಡಳಿಯಲ್ಲಿ ಹಾಜರಾಗಿ ಅಪ್ಪನ ಲೈಸೆನ್ಸಿನ ಪ್ರತಿ ತೋರಿಸಿದ್ದರೆ ತಪ್ಪುತ್ತಿದ್ದ ವಸೂಲಿ, ಸುಮ್ಮನೆ ಕೂತದ್ದರಿಂದ ಮನೆಗೆ ಬರುತ್ತದೆ. ನ್ಯಾಯಮಂಡಳಿಯ ಆದೇಶವನ್ನು ಜಿಲ್ಲಾಧಿಕಾರಿಗಳ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಹುದು. ಹೊಲ ಬೆಳಗಾವಿ ಜಿಲ್ಲೆಯಲ್ಲಿದ್ದು ಆದೇಶ ಕೊಲ್ಲಾಪುರದ್ದಾದರೂ, ೧೮೯೦ರ ಕಂದಾಯ ವಸೂಲಿ ಕಾಯದೆಯಂತೆ ಪ್ರಮಾಣಪತ್ರ ಆ ಜಿಲ್ಲೆಗೆ ಹೋಗುತ್ತದೆ. ಗಡಿ ದಾಟಿದರೆ ಬಚಾವು ಎಂಬುದಿಲ್ಲ.

ಸತ್ತವನ ಮನೆಯವರಿಗೆ ಏನಾದರೂ ಸಿಗುತ್ತದೆಯೇ? ತನ್ನ ತಪ್ಪಿನಿಂದಲೇ ಸತ್ತ ಮಾಲಕನ ಮನೆಯವರು ಅವನ ಗಾಡಿಯ ವಿಮೆಯಿಂದ ಮೂರನೆಯವರಂತೆ ಪರಿಹಾರ ಕೇಳಲು ಬರುವುದಿಲ್ಲ. ಗಾಡಿ ಎರವಲು ತಂದವನೂ ಮಾಲಕನ ಜಾಗದಲ್ಲಿಯೇ ನಿಲ್ಲುತ್ತಾನೆ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ೨೦೦೦ದಲ್ಲಿ ಎರವಲು ಮೋಟಾರ್ ಸೈಕಲ್ಲಿನ ಮೇಲೆ ಹೊರಟವನೊಬ್ಬ ಮುಂದಿನ ಎತ್ತಿನ ಗಾಡಿಗೆ ಬಡಿದು ಸತ್ತ ಪ್ರಕರಣದಲ್ಲಿ ೨೦೦೯ರಲ್ಲಿ ಸುಪ್ರೀಂ ಕೋರ್ಟು ಹೀಗೆಯೇ ಹೇಳಿತು. ಆದರೆ ಪಾಲಿಸಿಯ ಜೊತೆಗೆ ಮಾಲಕ–ಚಾಲಕನ ವೈಯಕ್ತಿಕ ಅಪಘಾತ ವಿಮೆ ಎಂದು ಬೇರೆ ಕಂತು ತುಂಬಿದ್ದರೆ, ೨೦೧೮ರಿಂದ ಅದರ ಮೊತ್ತ ೧೫ ಲಕ್ಷ ರೂಪಾಯಿ. ಲೈಸೆನ್ಸ್ ಇರಬೇಕು. ಪಾಲಿಸಿಯ ಕಾಗದವನ್ನು ತೆಗೆದು ಓದಿಸಿ ನೋಡಿ.

ಇನ್ನು ಮೋಟಾರಿನ ಹೊರಗಿನ ಅಪಘಾತಗಳು. ಹಿತ್ತಲ ಗೋಡೆ ಬಿದ್ದದ್ದು, ಹೋರಿ ಹಾಯ್ದದ್ದು, ಮುಚ್ಚದ ಬಾವಿಗೆ ಬಿದ್ದದ್ದು. ಇಲ್ಲಿ ೧೫೫ನೆಯ ಕಲಮಿನ ಆಸರೆ ಇಲ್ಲ, ಹಳೆಯ ೩೦೬ ಎದುರಿಗೆ ನಿಲ್ಲುತ್ತದೆ. ಮಾಲಕ ಮುಪ್ಪಿನವನಾಗಿದ್ದರೆ ತಡ ಮಾಡದೆ ವಕೀಲರನ್ನು ಕಾಣಿರಿ ಎಂದಷ್ಟೇ ಹೇಳುತ್ತೇನೆ. ಆದರೆ ಕೂಲಿಯ ಆಳಿಗೆ ಕೆಲಸದಲ್ಲಿ ಆದ ಗಾಯಕ್ಕೆ ಬೇರೆ ದಾರಿ ಇದೆ. ನಮ್ಮ ಕಡೆ ಬೆಲ್ಲದ ಗಾಣಗಳು ಬಹಳ. ಗಾಣಕ್ಕೆ ಕಬ್ಬು ಕೊಡುವಾಗ ಕೈ ಸಿಕ್ಕಿ, ಪರಿಹಾರ ಸಿಗುವ ಮೊದಲೇ ಗಾಣದ ಮಾಲಕ ತೀರಿಕೊಂಡರೆ? ೧೯೨೩ರ ಕಾರ್ಮಿಕ ಪರಿಹಾರ ಕಾಯದೆಯೇ ಮಾಲಕ ಎಂಬ ಶಬ್ದದಲ್ಲಿ ಸತ್ತ ಮಾಲಕನ ಕಾನೂನುಬದ್ಧ ಪ್ರತಿನಿಧಿಯನ್ನೂ ಸೇರಿಸಿತ್ತು. ಅದರ ಜಾಗಕ್ಕೆ ೨೦೨೫ರ ನವೆಂಬರ್ ೨೧ರಿಂದ ಜಾರಿಯಾದ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ತಿರುಗುಮುರುಗು ಪ್ರಶ್ನೆಯನ್ನೂ ಮುಗಿಸಿಬಿಡೋಣ. ಪೆಟ್ಟು ತಿಂದವನು ದಾವೆ ನಡೆಯುವಾಗ ಬೇರೆ ಕಾಯಿಲೆಯಿಂದ ಸತ್ತರೆ? ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ೧೯೯೦ರಲ್ಲಿ, ಗಾಯದ ನೋವಿನ ಪರಿಹಾರ ಅವನ ಜೊತೆಗೇ ಹೋಗುತ್ತದೆ, ಆಸ್ತಿಗೆ ಆದ ನಷ್ಟ ಮಾತ್ರ ಉಳಿಯುತ್ತದೆ ಎಂದಿತ್ತು. ಬಹಳ ವರ್ಷ ಇದೇ ನಡೆಯಿತು. ಮೋಟಾರು ವಾಹನ ಕಾಯದೆಯ ೧೬೬ನೆಯ ಕಲಮಿಗೆ ೨೦೧೯ರ ತಿದ್ದುಪಡಿ ಐದನೆಯ ಉಪಕಲಮನ್ನು ಸೇರಿಸಿ, ಸಾವಿಗೆ ಕಾರಣ ಏನೇ ಇರಲಿ ಪರಿಹಾರದ ಹಕ್ಕು ವಾರಸುದಾರರಿಗೆ ಹೋಗುತ್ತದೆ ಎಂದು ಬರೆಯಿತು. ೨೦೨೨ರ ಏಪ್ರಿಲ್ ೧ರಿಂದ ಅದು ಜಾರಿಯಲ್ಲಿದೆ.

ಅದೇ ದಿನದಿಂದ ಇನ್ನೊಂದು ನಿಯಮವೂ ಜಾರಿಗೆ ಬಂತು, ಅದು ಕಹಿ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ೧೯೯೪ರಲ್ಲಿ ತೆಗೆದುಹಾಕಿದ್ದ ಅವಧಿ ಮತ್ತೆ ಬಂದಿದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ನೀವು ಮಾತ್ರ ಅದರ ಆಸೆಯ ಮೇಲೆ ಕಾಯುತ್ತ ಕೂಡ್ರಬೇಡಿ. ಸಿವಿಲ್ ದಾವೆ ನಡೆಯುತ್ತಿರುವಾಗ ಎದುರುದಾರ ಸತ್ತರೆ ಅವನ ವಾರಸುದಾರರನ್ನು ತೊಂಬತ್ತು ದಿನದೊಳಗೆ ದಾಖಲೆಗೆ ತರಬೇಕು. ತಡವಾದರೆ ದಾವೆ ಬಿದ್ದುಹೋಗುತ್ತದೆ, ಮತ್ತೆ ಎಬ್ಬಿಸಲು ಬೇರೆ ಅರ್ಜಿ ಬೇಕು.

ಗಾಡಿಯ ಕಾಗದದ ಬಗ್ಗೆಯೂ ಒಂದು ಮಾತು. ಮಾಲಕ ಸತ್ತು ವರ್ಷಗಟ್ಟಲೆ ಆದರೂ ನೋಂದಣಿ ಅವನ ಹೆಸರಿನಲ್ಲಿಯೇ ಇಟ್ಟು ಗಾಡಿ ಓಡಿಸುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಸಾವಿನ ಮೂವತ್ತು ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ಹೆಸರು ಬದಲಿಸಲು ೩೧ನೆಯ ನಮೂನೆಯ ಅರ್ಜಿ ಕೊಡಬೇಕು. ಪಾಲಿಸಿಯೂ ಸಾಮಾನ್ಯವಾಗಿ ಸಾವಿನ ಮೂರು ತಿಂಗಳ ತನಕ ಅಥವಾ ಅದರ ಅವಧಿ ಮುಗಿಯುವ ತನಕ, ಯಾವುದು ಮೊದಲೋ ಅಲ್ಲಿಯ ತನಕ ಮಾತ್ರ ನಡೆಯುತ್ತದೆ. ಆಮೇಲೆ ಆ ಗಾಡಿ ಯಾರಿಗಾದರೂ ಗುದ್ದಿದರೆ ಅದು ಅಪ್ಪನ ಹೊಣೆಯಲ್ಲ, ಓಡಿಸಿದ ಮಗನ ಸ್ವಂತ ಹೊಣೆ. ಆಗ ಆಸ್ತಿಯ ಮಿತಿಯ ರಕ್ಷಣೆಯೂ ಇಲ್ಲ.

ಗಡಿಯವರಿಗೆ ಒಂದು ಅನುಕೂಲ ಇದೆ. ಅಪಘಾತ ನಿಪ್ಪಾಣಿಯಲ್ಲಿ ಆಗಿದ್ದರೂ ಮುರಗೂಡದ ಗಾಯಾಳು ತಾನು ವಾಸಿಸುವ ಕೊಲ್ಲಾಪುರ ಜಿಲ್ಲೆಯ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ನಿಪ್ಪಾಣಿಯವನಿಗೆ ಮುರಗೂಡದಲ್ಲಿ ಪೆಟ್ಟಾದರೂ ಹಾಗೆಯೇ, ತನ್ನ ಬೆಳಗಾವಿ ಜಿಲ್ಲೆಯಲ್ಲಿ. ಮೇಲ್ಮನವಿಗೆ ಬೆಳಗಾವಿಯ ಕಡೆಯವರಿಗೆ ಧಾರವಾಡ ಪೀಠ ಇತ್ತು. ಕೊಲ್ಲಾಪುರದವರು ಮುಂಬಯಿಗೆ ಹೋಗಬೇಕಾಗಿತ್ತು. ೨೦೨೫ರ ಆಗಸ್ಟಿನಿಂದ ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠ ಕೊಲ್ಲಾಪುರದಲ್ಲಿಯೇ ಕೂಡ್ರುತ್ತಿದೆ.

ಅರ್ಜಿಗೆ ಹೊರಡುವಾಗ ಎಫ್‌ಐಆರ್ ಮತ್ತು ಪಂಚನಾಮೆಯ ನಕಲು, ಆಸ್ಪತ್ರೆಯ ಕಾಗದ, ಗಾಡಿಯ ನಂಬರು, ವಿಮೆಯ ವಿವರ, ಸತ್ತವನ ಮರಣದ ದಾಖಲೆ, ಅವನ ವಾರಸುದಾರರ ಹೆಸರು ಕೈಯಲ್ಲಿರಲಿ. ಅವನ ಹೊಲ ಮಹಾರಾಷ್ಟ್ರದಲ್ಲಿದ್ದರೆ ಸಾತಬಾರಾ ಮ���ಾಠಿಯಲ್ಲಿರುತ್ತದೆ, ಕರ್ನಾಟಕದಲ್ಲಿದ್ದರೆ ಪಹಣಿ ಕನ್ನಡದಲ್ಲಿರುತ್ತದೆ. ಬೇರೆ ರಾಜ್ಯದ ಕೋರ್ಟಿಗೆ ಕೊಡುವಾಗ ಅನುವಾದ ಬೇಕಾಗುತ್ತದೆ, ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ವಕೀಲರಿಗೆ ಕೊಡಲು ಹಣವಿಲ್ಲದ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ವರಮಾನದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರನ್ನು ಪಡೆಯಬಹುದು. ಅದರ ಸಹಾಯವಾಣಿಯ ನಂಬರು ೧೫೧೦೦.